ಸರ್ಟಿಫಿಕೇಟ್ ಫೈಲಿನಲ್ಲಿದೆ, ತಮ್ಮ ಮನೆಯಲ್ಲಿದ್ದಾನೆ: ಸರ್ಕಾರಿ ತರಬೇತಿಯಿಂದ ನಿಮಗೆ ಕೆಲಸ ಸಿಕ್ಕಿತಾ?

ರಾಣೆಬೆನ್ನೂರಿನ ಅಕ್ಕ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳಬೇಕಿತ್ತು. ಅನುಭವ ಇದ್ದವರು ದಯವಿಟ್ಟು ಬಿಡಿಸಿ ಹೇಳಿ.

ನನ್ನ ತಮ್ಮ 2023ರಲ್ಲಿ ಬಿ.ಎ. ಮುಗಿಸಿದ. ಆರು ತಿಂಗಳು ಕೆಲಸ ಸಿಗಲಿಲ್ಲ. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಶುರುವಾದಾಗ ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಿದೆವು. ತಿಂಗಳಿಗೆ 3,000 ರೂಪಾಯಿ ಬರತೊಡಗಿತು. ಸುಳ್ಳು ಹೇಳಬಾರದು, ಬಸ್ ಚಾರ್ಜಿಗೆ ಅಪ್ಪನ ಮುಂದೆ ನಿಲ್ಲುವುದು ತಪ್ಪಿತು. ಎರಡು ವರ್ಷ ಮುಗಿಯಿತು. ಹಣವೂ ನಿಂತಿತು.

ನಡುವೆ ಮೂರು ತಿಂಗಳ ಡೇಟಾ ಎಂಟ್ರಿ ಕೋರ್ಸ್ ಮಾಡಿದ. ಸರ್ಕಾರದ್ದು, ಫೀಸ್ ಇಲ್ಲ. ಹತ್ತು ಕಂಪ್ಯೂಟರ್, ಮೂವತ್ತು ಹುಡುಗರು. ಒಂದೊಂದರ ಮುಂದೆ ಮೂವರು. ಇವನ ಕೈ ಕೀಬೋರ್ಡ್ ಮುಟ್ಟುತ್ತಿದ್ದುದು ದಿನಕ್ಕೆ ಅರ್ಧ ಗಂಟೆ. ಕೊನೆಗೆ ಪರೀಕ್ಷೆ, ಗ್ರೂಪ್ ಫೋಟೋ, ಸರ್ಟಿಫಿಕೇಟ್. ಅಮ್ಮ ಅದನ್ನು ಲ್ಯಾಮಿನೇಟ್ ಮಾಡಿಸಿದಳು. ಕೆಲಸ ಕೊಡಿಸುತ್ತೇವೆ ಅಂದಿದ್ದವರು ಒಂದೇ ಸಲ ಫೋನ್ ಮಾಡಿದರು. ಬೆಂಗಳೂರಿನಲ್ಲಿ ಮನೆಮನೆಗೆ ತಿರುಗಿ ಕ್ರೆಡಿಟ್ ಕಾರ್ಡ್ ಮಾರುವ ಕೆಲಸ. ಆಮೇಲೆ ಆ ನಂಬರ್ ಯಾರೂ ಎತ್ತಲಿಲ್ಲ. ಸೆಂಟರ್ ಇದ್ದ ಮಹಡಿಯಲ್ಲಿ ಈಗ ಚಪ್ಪಲಿ ಅಂಗಡಿ ಇದೆ.

ಈಗ ಪರಿಚಯದವರೊಬ್ಬರು ಇನ್ನೊಂದು ಕೋರ್ಸ್ ಇದೆ, ಕಳಿಸಿ ಅನ್ನುತ್ತಿದ್ದಾರೆ. ತಮ್ಮ ಬಾಯಿ ಬಿಡುವುದಿಲ್ಲ. ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡೇ ಉಣ್ಣುತ್ತಾನೆ. ಅವನಿಗೆ 24 ವರ್ಷ. ಇನ್ನೊಂದು ಆರು ತಿಂಗಳು ಹೋಗಿ ಮತ್ತೆ ಅದೇ ಕಾಗದ ಹಿಡಿದುಕೊಂಡು ಬಂದರೆ ಅವನ ಮನಸ್ಸು ಪೂರ್ತಿ ಮುರಿಯುತ್ತದೆ ಅಂತ ಭಯ.

ಈ ತರಬೇತಿಗಳಿಂದ ನಿಮಗೆ ಅಥವಾ ನಿಮ್ಮ ಮನೆಯವರಿಗೆ ನಿಜವಾಗಿ ಕೆಲಸ ಸಿಕ್ಕಿದೆಯಾ? ಸಿಕ್ಕಿದ್ದರೆ ಯಾವುದರಿಂದ?

ಬಯಲುಸೀಮೆ ಹುಡುಗ

ಅಕ್ಕ, ನಾನೂ ಎರಡು ಸರ್ಟಿಫಿಕೇಟ್ ಇಟ್ಟುಕೊಂಡಿದ್ದೇನೆ. ಒಂದು ರಿಟೇಲ್, ಒಂದು ಮೊಬೈಲ್ ರಿಪೇರಿ. ಈಗ ಟ್ರ್ಯಾಕ್ಟರ್ ಓಡಿಸುತ್ತೇನೆ. ಆ ಕೋರ್ಸುಗಳಿಂದ ಏನೂ ಆಗಲಿಲ್ಲ. ಕಳಿಸಬೇಡಿ.

ತುಮಕೂರಿನ ತರಬೇತುದಾರ

ಮೇಡಂ, ನಾನು ಇಂಥದೇ ಒಂದು ಖಾಸಗಿ ಸೆಂಟರಿನಲ್ಲಿ ಮೂರು ವರ್ಷ ಪಾಠ ಮಾಡಿದವನು. ಒಳಗೆ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ಮನಸ್ಸಿನಲ್ಲಿಟ್ಟುಕೊಂಡು ಸಾಕಾಗಿದೆ.

ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ 2015ರಲ್ಲಿ ಬಂತು. 2016ರಿಂದ ಅದನ್ನು ದೊಡ್ಡದು ಮಾಡಿದರು. ನಾಲ್ಕು ವರ್ಷದಲ್ಲಿ ಒಂದು ಕೋಟಿ ಜನರಿಗೆ ತರಬೇತಿ ಅನ್ನುವ ಗುರಿ. ಸರ್ಕಾರ ತಾನೇ ಕಲಿಸುವುದಿಲ್ಲ, ನಮ್ಮಂಥ ಸೆಂಟರುಗಳಿಗೆ ತಲೆಗಿಷ್ಟು ಅಂತ ದುಡ್ಡು ಕೊಡುತ್ತದೆ. ಆ ದುಡ್ಡು ಮೂರು ಕಂತಿನಲ್ಲಿ ಬರುತ್ತಿತ್ತು. ಬ್ಯಾಚ್ ಶುರುವಾದಾಗ 30 ಭಾಗ, ಹುಡುಗರು ಪಾಸಾಗಿ ಸರ್ಟಿಫಿಕೇಟ್ ಬಂದಾಗ 50 ಭಾಗ, ಕೆಲಸ ಸಿಕ್ಕಿದ ಮೇಲೆ ಉಳಿದ 20 ಭಾಗ.

ಈ ಲೆಕ್ಕ ಒಮ್ಮೆ ನೋಡಿ. ನೂರರಲ್ಲಿ ಎಂಬತ್ತು ರೂಪಾಯಿ ಹುಡುಗ ಕೆಲಸಕ್ಕೆ ಸೇರುವ ಮೊದಲೇ ಬಂದಿರುತ್ತದೆ. ಉಳಿದ ಇಪ್ಪತ್ತಕ್ಕೆ ಕಂಪನಿ ಕಂಪನಿ ಅಲೆಯಬೇಕು, ಹುಡುಗರನ್ನು ಕರೆದುಕೊಂಡು ಹೋಗಬೇಕು, ಸಂಬಳದ ಚೀಟಿ ತರಬೇಕು. ಅಷ್ಟರಲ್ಲಿ ಹೊಸ ಬ್ಯಾಚ್ ತುಂಬಿಸಿದರೆ ಮತ್ತೆ ಮೂವತ್ತು ಭಾಗ ಕೈಗೆ ಬರುತ್ತದೆ. ನಮ್ಮ ಮಾಲೀಕರು ಕೆಟ್ಟವರಲ್ಲ. ಬಾಡಿಗೆ ಕಟ್ಟಬೇಕಿತ್ತು, ನಮಗೆ ಸಂಬಳ ಕೊಡಬೇಕಿತ್ತು. ಅವರು ಸುಲಭದ ದಾರಿ ಹಿಡಿದರು.

ನನಗೆ ಈಗಲೂ ಕಾಡುವುದು ಒಬ್ಬಳು ಹುಡುಗಿ. ಕೊರಟಗೆರೆ ಕಡೆಯಿಂದ ದಿನಾ ಎರಡು ಬಸ್ ಬದಲಾಯಿಸಿ ಬರುತ್ತಿದ್ದಳು. ಹೊಲಿಗೆ ಬ್ಯಾಚ್. ನಮ್ಮಲ್ಲಿದ್ದುದು ಕಾಲಲ್ಲಿ ತುಳಿಯುವ ಮೆಷಿನ್. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಇರುವುದು ಮೋಟರ್ ಜುಕಿ, ಓವರ್‌ಲಾಕ್. ಪೆಡಲ್ ಸ್ವಲ್ಪ ಒತ್ತಿದರೆ ಸಾಕು, ಬಟ್ಟೆ ಸರ್ರನೆ ಓಡುತ್ತದೆ. ಟ್ರಯಲ್ ದಿನ ಅವಳು ಅಭ್ಯಾಸದಂತೆ ಜೋರಾಗಿ ತುಳಿದಳು. ಕಾಲರ್ ಪೀಸ್ ಪೂರ್ತಿ ಸೊಟ್ಟ. ಸೂಪರ್‌ವೈಸರ್ ಬೈಯಲೂ ಇಲ್ಲ, ಪಕ್ಕಕ್ಕೆ ಕೂರಿಸಿದರು, ಅಷ್ಟೇ. ನಮ್ಮಲ್ಲಿ ಒಂದೇ ಒಂದು ಮೋಟರ್ ಮೆಷಿನ್ ಇದ್ದಿದ್ದರೆ, ಎರಡು ದಿನ ಕೂತಿದ್ದರೆ, ಅವಳಿಗೆ ಆ ಕೆಲಸ ಸಿಗುತ್ತಿತ್ತು.

ಆ ಕೌಶಲ ಯೋಜನೆಯ 2023ರಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಕೆಲಸ ಸಿಕ್ಕಿತಾ ಅಂತ ಲೆಕ್ಕ ಇಡುವುದನ್ನೇ ಮೊದಲಿನಂತೆ ಇಟ್ಟಿಲ್ಲ. ಅಭ್ಯರ್ಥಿ ತನ್ನ ದಾರಿ ತಾನೇ ಆರಿಸಿಕೊಳ್ಳಲಿ ಅನ್ನುವುದು ಸರ್ಕಾರದ ವಿವರಣೆ. ನನಗೆ ಇದು ಸರಿ ಅನಿಸುವುದಿಲ್ಲ. ಲೆಕ್ಕ ಇದ್ದಾಗಲೇ ಹೀಗಿತ್ತು.

ರಾಣೆಬೆನ್ನೂರಿನ ಅಕ್ಕ

ಸರ್, ಇಷ್ಟು ಬಿಚ್ಚಿ ಹೇಳಿದ್ದಕ್ಕೆ ಧನ್ಯವಾದ. ಆ ಹುಡುಗಿಯ ವಿಷಯ ಓದಿ ಸಂಕಟ ಆಯಿತು. ಹಾಗಾದರೆ ಎಲ್ಲ ಕಡೆಯೂ ಹೀಗೇನಾ?

ಗೋಕುಲ ರೋಡ್ ಫಿಟ್ಟರ್

ಇಲ್ಲಮ್ಮ, ಎಲ್ಲ ಕಡೆ ಹೀಗಲ್ಲ. ನಾನು ಸರ್ಕಾರಿ ಐಟಿಐಯಲ್ಲೇ ಓದಿದವನು. ಫಿಟ್ಟರ್ ಟ್ರೇಡ್, ಎರಡು ವರ್ಷ. ಮೂವತ್ತೆರಡು ವರ್ಷ ಹುಬ್ಬಳ್ಳಿಯಲ್ಲಿ ಕೆಲಸ ಮಾಡಿ ಈಗ ರಿಟೈರ್ ಆಗಿದ್ದೇನೆ. ಇಬ್ಬರು ಮಕ್ಕಳನ್ನು ಓದಿಸಿದ್ದು ಈ ಕೈ.

ಮೊದಲ ಮೂರು ತಿಂಗಳು ನಮಗೆ ಕೊಟ್ಟಿದ್ದು ಒಂದು ಕಬ್ಬಿಣದ ತುಂಡು, ಒಂದು ಫೈಲ್, ಅಂದರೆ ಉಜ್ಜುವ ಅರ, ಅಷ್ಟೇ. ವೈಸ್‌ಗೆ ಬಿಗಿಯಬೇಕು, ಉಜ್ಜಬೇಕು. ಆಮೇಲೆ ಮೂಲೆ ನೇರ ಇದೆಯಾ ಅಂತ ನೋಡುವ ಟ್ರೈ ಸ್ಕ್ವೇರ್ ಅದರ ಮೇಲಿಟ್ಟು ಕಿಟಕಿ ಕಡೆ ಎತ್ತಿ ಹಿಡಿಯಬೇಕು. ಎರಡರ ನಡುವೆ ಬೆಳಕು ನುಸುಳಿದರೆ ಸಾರ್ ಆ ಜಾಬ್, ಅಂದರೆ ಮಾಡಿದ ತುಂಡು, ತೆಗೆದು ಡಬ್ಬಕ್ಕೆ ಹಾಕುತ್ತಿದ್ದರು. ಮತ್ತೆ ಹೊಸ ತುಂಡು. ಅಂಗೈ ಬೊಬ್ಬೆ ಬಂದು, ಒಡೆದು, ಗಟ್ಟಿಯಾಯಿತು. ಬೆಳಕು ನುಸುಳದ ದಿನ ಬಂದಾಗ ಸಾರ್ ಏನೂ ಹೇಳಲಿಲ್ಲ. ಆ ತುಂಡನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು. ಆ ಖುಷಿ ಇವತ್ತಿಗೂ ಮರೆತಿಲ್ಲ.

ಆದರೆ ಕೆಲಸ ಸಿಕ್ಕಿದ್ದು ಐಟಿಐಯಿಂದ ಅಲ್ಲ. ಅದಾದ ಮೇಲೆ ಮಾಡಿದ ಒಂದು ವರ್ಷದ ಅಪ್ರೆಂಟಿಸ್‌ನಿಂದ. ಶಾಪ್ ಫ್ಲೋರಿನಲ್ಲಿ ನಿಂತಾಗಲೇ ಗೊತ್ತಾಗಿದ್ದು, ಕ್ಲಾಸಿನಲ್ಲಿ ಒಂದು ಜಾಬ್‌ಗೆ ಒಂದು ದಿನ ಇರುತ್ತದೆ, ಇಲ್ಲಿ ಒಂದು ಗಂಟೆ ಅಂತ. ಆ ವರ್ಷ ಮುಗಿಯುವಾಗ ಹಿರಿಯ ಫಿಟ್ಟರುಗಳಿಗೆ ನನ್ನ ಮುಖ ಗೊತ್ತಿತ್ತು. ಖಾಲಿ ಜಾಗ ಬಂದಾಗ ಅವರೇ ಹೆಸರು ಹೇಳಿದರು.

ಅಪ್ರೆಂಟಿಸ್ ಕಾಯ್ದೆ 1961ರಿಂದ ಇದೆ. ಈಗ 30 ಮತ್ತು ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳಲೇಬೇಕು. 2016ರಿಂದ ಸ್ಟೈಪೆಂಡಿನ ಕಾಲು ಭಾಗ, ಅಂದರೆ 1,500 ರೂಪಾಯಿವರೆಗೆ, ಕೇಂದ್ರವೇ ಭರಿಸುವ ಯೋಜನೆಯೂ ಬಂತು. ಡಿಗ್ರಿ ಮಾಡಿದವರಿಗೂ ಅಪ್ರೆಂಟಿಸ್ ಇದೆ. ನಿಮ್ಮ ತಮ್ಮನಿಗೆ ಯಾರೂ ಹೇಳಲಿಲ್ವಾ?

ರಾಣೆಬೆನ್ನೂರಿನ ಅಕ್ಕ

ಕಾಕಾ, ಹೇಳಿದ್ದರು. ಅದನ್ನು ಬರೆಯಲೇ ನನಗೆ ಸಂಕಟ. 2024ರಲ್ಲಿ ಧಾರವಾಡದಲ್ಲಿ ಒಂದು ಆಫೀಸಿನಲ್ಲಿ ಅಪ್ರೆಂಟಿಸ್ ಬಂದಿತ್ತು. ತಿಂಗಳಿಗೆ 9,000. ಅಪ್ರೆಂಟಿಸ್ ಸ್ಟೈಪೆಂಡ್ ತೆಗೆದುಕೊಳ್ಳುವವರಿಗೆ ಯುವನಿಧಿ ಇಲ್ಲ. ಅಲ್ಲಿ ರೂಮು, ಊಟ ಅಂತ ಎಲ್ಲ ಖರ್ಚಾಗುತ್ತದೆ, ಇಲ್ಲಿ ಮನೆಯಲ್ಲೇ ಇದ್ದರೆ 3,000 ಉಳಿಯುತ್ತದೆ, ವರ್ಷ ಆದ ಮೇಲೆ ಅಲ್ಲಿ ಕೆಲಸ ಖಾಯಂ ಅಂತ ಏನೂ ಇಲ್ಲ ಅಂತ ಲೆಕ್ಕ ಹಾಕಿ ಬೇಡ ಅಂದದ್ದು ನಾನೇ. ಒಂದು ವರ್ಷ ಕೆಲಸದ ಜಾಗದಲ್ಲಿ ಇರುವುದಕ್ಕೆ ಇಷ್ಟು ಬೆಲೆ ಇದೆ ಅಂತ ಆಗ ನನಗೆ ತಿಳಿಯಲಿಲ್ಲ.

ಗೋಕುಲ ರೋಡ್ ಫಿಟ್ಟರ್

ನೀನು ಕೆಟ್ಟದ್ದು ಬಯಸಲಿಲ್ಲ ತಂಗಿ. ಆ ಲೆಕ್ಕ ಯಾರು ಹಾಕಿದ್ದರೂ ಹಾಗೇ ಬರುತ್ತಿತ್ತು. ಬಿಡು.

ಧಾರವಾಡ ಎಕನಾಮಿಕ್ಸ್ ಮೇಷ್ಟ್ರು

ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಅಕ್ಕನ ಲೆಕ್ಕ ತಪ್ಪಲ್ಲ, ಆ ನಿಯಮವೇ ತಪ್ಪು. ಕೆಲಸಕ್ಕೆ ಹತ್ತಿರ ಹೋಗುವವರ ಭತ್ಯೆ ನಿಲ್ಲಿಸಿ ಮನೆಯಲ್ಲಿ ಕೂತವರಿಗೆ ಕೊಟ್ಟರೆ ಜನ ಮನೆಯಲ್ಲೇ ಕೂರುತ್ತಾರೆ. ಅಪ್ರೆಂಟಿಸ್‌ಗೆ ಹೋದವರಿಗೆ ರೂಮ್ ಬಾಡಿಗೆಗೆ ಅಂತಲಾದರೂ ಅದನ್ನು ಮುಂದುವರಿಸಬೇಕಿತ್ತು.

ಇನ್ನೊಂದು ಮಾತು. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಜಿ 2017ರಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳ ತರಬೇತಿ ಯೋಜನೆಗಳ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. ತರಬೇತಿ ಪಡೆದವರನ್ನು ಪಡೆಯದವರ ಜೊತೆ ಹೋಲಿಸಿದ ಅಧ್ಯಯನಗಳು ಅವು. ನೂರು ಜನರಿಗೆ ತರಬೇತಿ ಕೊಟ್ಟರೆ, ಅದರಿಂದಾಗಿಯೇ ಹೊಸದಾಗಿ ಕೆಲಸ ಸಿಕ್ಕವರು ಸುಮಾರು ಇಬ್ಬರು. ಉಳಿದವರಲ್ಲಿ ಕೆಲಸ ಸಿಕ್ಕವರಿಗೆ ತರಬೇತಿ ಇಲ್ಲದಿದ್ದರೂ ಸಿಗುತ್ತಿತ್ತು.

ಮೂಲದಲ್ಲಿ ಕೆಲಸಗಳೇ ಕಡಿಮೆ. ಹತ್ತು ಕುರ್ಚಿ ಇದ್ದು ನೂರು ಜನ ನಿಂತಿದ್ದರೆ, ನೂರೂ ಜನರಿಗೆ ಕೂರುವುದನ್ನು ಕಲಿಸಿದರೂ ಕುರ್ಚಿ ಹತ್ತೇ. ನಮ್ಮ ಧಾರವಾಡದ ಸಪ್ತಾಪುರಕ್ಕೆ ಬನ್ನಿ. ಬಳ್ಳಾರಿ, ಬೀದರ್, ವಿಜಯಪುರದ ಹುಡುಗರು ರೂಮು ಮಾಡಿಕೊಂಡು ಐದಾರು ವರ್ಷದಿಂದ ಕೋಚಿಂಗ್ ಸೆಂಟರ್, ಲೈಬ್ರರಿ ಅಂತ ಓಡಾಡುತ್ತಿದ್ದಾರೆ. ಬುದ್ಧಿವಂತ ಹುಡುಗರು. ಸರ್ಕಾರಿ ಕೆಲಸದ ನೋಟಿಫಿಕೇಶನ್ ಯಾವಾಗ ಅಂತ ಕಾಯುತ್ತಾ ವಯಸ್ಸು ಮೀರುತ್ತಿದೆ. ಅವರಿಗೆ ಯಾವ ಕೋರ್ಸ್ ಕೊಡುತ್ತೀರಿ?

ಪೀಣ್ಯ ವರ್ಕ್‌ಶಾಪ್

ಮೇಷ್ಟ್ರೇ, ನಿಮ್ಮ ಕುರ್ಚಿ ಲೆಕ್ಕಕ್ಕೆ ನನ್ನದೊಂದು ತಕರಾರು ಇದೆ. ನನ್ನ ಹತ್ತಿರ ಕುರ್ಚಿ ಖಾಲಿ ಇದೆ. ಕೂರುವವರು ಸಿಗುತ್ತಿಲ್ಲ.

ಹದಿನಾಲ್ಕು ಜನರ ಸಣ್ಣ ಶಾಪ್ ನನ್ನದು. ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಮೆಷಿನ್ ಎರಡು, ಉಳಿದದ್ದು ಹಳೆಯ ಲೇತ್. ಇಂಟರ್‌ವ್ಯೂಗೆ ಬಂದವರಿಗೆ ನಾನು ಪ್ರಶ್ನೆ ಕೇಳುವುದಿಲ್ಲ. ಒಂದು ಪಿನ್ ಮತ್ತು ಮೈಕ್ರೋಮೀಟರ್ ಕೈಗೆ ಕೊಟ್ಟು ಅಳತೆ ಹೇಳು ಅನ್ನುತ್ತೇನೆ. ಐಟಿಐ ಪಾಸಾದ ಹತ್ತು ಜನರಲ್ಲಿ ಸರಿ ಹೇಳುವವರು ಮೂರ್ನಾಲ್ಕು ಜನ. ಅವರ ತಪ್ಪಲ್ಲ. ಒಬ್ಬ ಹುಡುಗ ಹೇಳಿದ, ಸರ್, ನಮ್ಮಲ್ಲಿ ಅದು ಗಾಜಿನ ಬೀರುವಿನಲ್ಲಿ ಇರುತ್ತಿತ್ತು, ಕಳೆದುಹೋದರೆ ಕಲಿಸುವ ಜೆಟಿಒ ಸಾಹೇಬರೇ ದುಡ್ಡು ಕಟ್ಟಬೇಕಿತ್ತು ಅಂತ.

ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದ ಹುಡುಗರು ಬೇರೆ. ಅದೂ ಸರ್ಕಾರದ್ದೇ ಅಲ್ವಾ? 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಟೂಲ್ ರೂಮ್, ಈಗ ಎಷ್ಟೋ ಜಿಲ್ಲೆಗಳಲ್ಲಿದೆ. ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡುವವರು ಮೂರು ವರ್ಷ ಕಲಿತು ನಾಲ್ಕನೇ ವರ್ಷ ಪೂರ್ತಿ ಕಂಪನಿಯಲ್ಲಿ ಇರುತ್ತಾರೆ. ಅಲ್ಲಿನ ಟೂಲ್ ರೂಮಿನಲ್ಲಿ ಕಂಪನಿಗಳ ಆರ್ಡರ್ ಕೆಲಸ ನಡೆಯುತ್ತದೆ. ಹುಡುಗ ಮಾಡಿದ ಡೈ, ಅಂದರೆ ಅಚ್ಚು, ಯಾರೋ ದುಡ್ಡು ಕೊಟ್ಟು ಕೊಂಡದ್ದು. ಅದಕ್ಕೇ ಅವರಿಗೆ ಕೈ ಕುದುರಿರುತ್ತದೆ. ಆ ಹುಡುಗರು ನನ್ನಂಥವರ ಕೈಗೆ ಸಿಗುವುದೇ ಇಲ್ಲ. ದೊಡ್ಡ ಕಂಪನಿಗಳು ಮೊದಲೇ ಕರೆದುಕೊಂಡು ಹೋಗುತ್ತವೆ.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸದು ಮಾಡಿದ್ದಾರೆ. 2022ರಲ್ಲಿ ಪ್ರಧಾನಿಯವರೇ ಉದ್ಘಾಟಿಸಿದರು. ಸಿಎನ್‌ಸಿ, ರೋಬೋಟ್, ತ್ರೀಡಿ ಪ್ರಿಂಟರ್ ಎಲ್ಲ ಬಂದಿದೆ. ಒಳ್ಳೆಯದು. ನನ್ನ ಆಸೆ ಇಷ್ಟೇ, ಆ ಮೆಷಿನ್ ದಿನಾ ಎಂಟು ಗಂಟೆ ಓಡಲಿ. ಕೆಟ್ಟರೆ ಹುಡುಗರೇ ಬಿಚ್ಚಲಿ. ಮೆಷಿನ್ ಹಾಳಾಗದೆ ಹುಡುಗ ಕಲಿಯುವುದಿಲ್ಲ.

ಇನ್ನೊಂದು, ನನ್ನದೂ ತಪ್ಪಿದೆ. ಹೊಸಬರಿಗೆ ನಾನು ಕೊಡುವುದು 14,000. ಇಲ್ಲಿ ಪಿಜಿಗೇ 6,500 ಹೋಗುತ್ತದೆ. ಅದು ಸೇರುವ ಮೊದಲೇ ಕಟ್ಟಬೇಕು, ಅಡ್ವಾನ್ಸ್ ಬೇರೆ. ಸಂಬಳ ಬರುವುದು ಮೂವತ್ತೈದು ದಿನ ಕಳೆದ ಮೇಲೆ. ಹಾವೇರಿ, ಗದಗದಿಂದ ಬರುವ ಹುಡುಗನ ಕೈಯಲ್ಲಿ ಆ ಮೊದಲ ತಿಂಗಳು ಏನಿರುತ್ತದೆ? ಎಷ್ಟೋ ಜನ ಕೆಲಸ ಬರದೆ ಅಲ್ಲ, ಈ ಒಂದು ತಿಂಗಳು ದಾಟಲಾಗದೆ ಊರಿಗೆ ವಾಪಸ್ ಹೋದದ್ದನ್ನು ನೋಡಿದ್ದೇನೆ.

ಕಲಬುರಗಿ ತಂಗಿ

ಪೀಣ್ಯ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಕಥೆ ಅದೇ.

ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ಆಸ್ಪತ್ರೆ ಸಹಾಯಕಿ ಕೋರ್ಸ್ ಮಾಡಿದೆ. ಹಾಸ್ಟೆಲ್, ಊಟ ಎಲ್ಲ ಕೊಟ್ಟರು. ಕಲಿಸಿದ್ದೂ ಚೆನ್ನಾಗಿತ್ತು. ಬಿಪಿ ನೋಡುವುದು, ಮಲಗಿದವರನ್ನು ಎತ್ತದೆ ಬೆಡ್‌ಶೀಟ್ ಬದಲಿಸುವುದು, ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಈ ಯೋಜನೆಯಲ್ಲಿ ನೂರಕ್ಕೆ 70 ಜನರಿಗಾದರೂ ಕೆಲಸ ಕೊಡಿಸಬೇಕು ಅನ್ನುವ ನಿಯಮ ಇದೆ. ನಮಗೂ ಕೊಡಿಸಿದರು. ಬೆಂಗಳೂರು. ಬ್ಯಾಚಿನಲ್ಲಿ ಹದಿನಾರು ಹುಡುಗಿಯರು ಒಟ್ಟಿಗೆ ರೈಲು ಹತ್ತಿದೆವು.

ನಾಲ್ಕು ತಿಂಗಳಿಗೆ ಉಳಿದವರು ಮೂವರು. ರಾಜ್ಯದೊಳಗೆ ಕೆಲಸವಾದರೆ ತಿಂಗಳಿಗೆ ಸಾವಿರದಂತೆ ಮೂರು ತಿಂಗಳು ಕೊಡುತ್ತಾರೆ. ಅದು ಬೆಂಗಳೂರಿನಲ್ಲಿ ಯಾವುದಕ್ಕೆ ಸಾಲುತ್ತದೆ? ನೈಟ್ ಶಿಫ್ಟ್ ಮುಗಿಸಿ ರೂಮಿಗೆ ನಡೆದು ಬರುವಾಗ ನಾವು ಇಬ್ಬರು ಕೈ ಹಿಡಿದುಕೊಂಡು ಬರುತ್ತಿದ್ದೆವು. ಅಪ್ಪ ದಿನಾ ಫೋನ್ ಮಾಡಿ ಸಾಕು ಬಾ ಮಗಳೇ ಅನ್ನುತ್ತಿದ್ದರು. ಒಂದು ದಿನ ಬಂದುಬಿಟ್ಟೆ.

ಆದರೆ ತರಬೇತಿ ವ್ಯರ್ಥ ಅಂತ ನಾನು ಹೇಳಲಾರೆ. ಈಗ ಇಲ್ಲೇ ಒಂದು ನರ್ಸಿಂಗ್ ಹೋಮಿನಲ್ಲಿ ಇದ್ದೇನೆ. 9,500 ಸಂಬಳ. ಬೆಂಗಳೂರಿಗಿಂತ ಕಡಿಮೆ, ಕೈಯಲ್ಲಿ ಉಳಿಯುವುದು ಜಾಸ್ತಿ. ಲೆಕ್ಕದಲ್ಲಿ ನಾನು ಕೆಲಸ ಬಿಟ್ಟವಳು. ಊರಿಗೆ ಬಂದು ಅದೇ ಕೆಲಸ ಮಾಡುತ್ತಿದ್ದೇನೆ ಅಂತ ಯಾರೂ ಫೋನ್ ಮಾಡಿ ಕೇಳಲಿಲ್ಲ.

ರಾಣೆಬೆನ್ನೂರಿನ ಅಕ್ಕ

ತಂಗಿ, ನಿನ್ನ ಕೊನೆಯ ಸಾಲು ಎರಡು ಸಲ ಓದಿದೆ. ನನ್ನ ತಮ್ಮನಿಗೂ ಯಾರೂ ಫೋನ್ ಮಾಡಲಿಲ್ಲ. ಈಗ ನನಗೆ ಅನಿಸುತ್ತಿದೆ, ನಾನು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ. ಯಾವ ಕೋರ್ಸ್ ಒಳ್ಳೆಯದು ಅಂತಲ್ಲ. ಕೋರ್ಸ್ ಮುಗಿದ ಮೇಲೆ ಹುಡುಗನ ಹಿಂದೆ ನಿಲ್ಲುವವರು ಯಾರು ಅಂತ. ಹಾಗೆ ನಿಲ್ಲುವ ಜಾಗ ಯಾವುದಾದರೂ ಇದೆಯಾ?

ಕೊಪ್ಪಳ ಕಾಯಕ ಬಂಧು

ಅಕ್ಕ, ನಾನು ತರಬೇತಿ ಬಗ್ಗೆ ಹೇಳಲಾರೆ, ಉದ್ಯೋಗ ಖಾತ್ರಿ ಬಗ್ಗೆ ಹೇಳುತ್ತೇನೆ. ಆರು ವರ್ಷ ಕೂಲಿಕಾರರ ಗುಂಪು ನೋಡಿಕೊಂಡಿದ್ದೇನೆ. ಮೇಷ್ಟ್ರು ಕುರ್ಚಿ ಇಲ್ಲ ಅಂದರಲ್ಲ, ನರೇಗಾದಲ್ಲಿ ಕುರ್ಚಿ ಕೊಡುವುದೇ ಕಾನೂನಾಗಿತ್ತು. 2005ರ ಕಾಯ್ದೆ, ಒಂದು ಮನೆಗೆ ವರ್ಷಕ್ಕೆ 100 ದಿನ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ದಿನಗೂಲಿ 370. ಗಂಡಿಗೂ ಅಷ್ಟೇ, ಹೆಣ್ಣಿಗೂ ಅಷ್ಟೇ. ಹೊಲದ ಕೂಲಿಯಲ್ಲಿ ನಮಗೆ ಯಾವತ್ತೂ ಗಂಡಾಳಿನ ಕೂಲಿ ಸಿಕ್ಕಿದ್ದಿಲ್ಲ.

ಬೇಸಿಗೆಯಲ್ಲಿ ಕೆರೆ ಹೂಳು ಎತ್ತುವ ಕೆಲಸ ಬಂದರೆ ಆ ವರ್ಷ ನಮ್ಮ ಓಣಿಯ ಎಷ್ಟೋ ಮನೆಯವರು ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುತ್ತಿರಲಿಲ್ಲ. ಮಕ್ಕಳು ಶಾಲೆ ಬಿಡುತ್ತಿರಲಿಲ್ಲ. ಕೂಲಿ ತಡವಾಗಿ ಬಂದ ವರ್ಷ ಮತ್ತೆ ಹೋದರು. ನಾನು ಏಳನೇ ಕ್ಲಾಸ್. ಟೇಪ್ ಹಿಡಿದು ಉದ್ದ, ಅಗಲ, ಆಳ ಅಳೆದು ಬರೆಯುವುದು ಕಲಿತದ್ದು ಆ ಗುಂಡಿಯಲ್ಲೇ. ಅದನ್ನೂ ತರಬೇತಿ ಅಂತ ಲೆಕ್ಕಕ್ಕೆ ಹಿಡಿಯಿರಿ.

ಸಾಗರ ಮೋಟರ್ ರಿವೈಂಡಿಂಗ್

ಅಕ್ಕ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ. ತಡವಾಗಿ ನೋಡಿದೆ, ಅಂಗಡಿಯಲ್ಲಿ ಪುರುಸೊತ್ತಿಲ್ಲ. ಈಗ ಅಡಿಕೆ ತೋಟಕ್ಕೆ ನೀರು ಬಿಡುವ ಕಾಲ, ದಿನಾ ಮೂರ್ನಾಲ್ಕು ಮೋಟರ್ ಬರುತ್ತದೆ.

ಸ್ವಂತ ಉದ್ಯೋಗದ ತರಬೇತಿ ಕೊಡುವ ಉಜಿರೆಯ ರುಡ್‌ಸೆಟ್ ಗೊತ್ತಿರಬಹುದು. 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ್ದು. ವೀರೇಂದ್ರ ಹೆಗ್ಗಡೆಯವರ ಕನಸು. ಅದನ್ನೇ ನೋಡಿ 2009ರಿಂದ ಕೇಂದ್ರ ಸರ್ಕಾರ ದೇಶದ ಎಲ್ಲ ಜಿಲ್ಲೆಗಳಿಗೂ ಅಂಥದೊಂದು ಸಂಸ್ಥೆ ಬೇಕು ಅಂತ ಹೊರಟಿತು. ಆರ್‌ಸೆಟಿ ಅನ್ನುತ್ತಾರೆ. ಜಿಲ್ಲೆಯ ಲೀಡ್ ಬ್ಯಾಂಕ್ ನಡೆಸುತ್ತದೆ. ಫೀಸ್ ಇಲ್ಲ, ಊಟ, ವಸತಿ ಅಲ್ಲೇ.

ನಾನು ಮಾಡಿದ್ದು ಮೋಟರ್ ರಿವೈಂಡಿಂಗ್, ಮೂವತ್ತು ದಿನ. ಮೊದಲ ದಿನಗಳಲ್ಲಿ ಮೋಟರ್ ಮುಟ್ಟಿಸಲೇ ಇಲ್ಲ. ಆಟ ಆಡಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮರದ ತುಂಡು ಒಂದರ ಮೇಲೊಂದು ಇಡಬೇಕು. ಎಷ್ಟು ಇಡುತ್ತೀಯ ಅಂತ ಮೊದಲೇ ಹೇಳಬೇಕು. ನಾನು ಹೆದರಿ ಐದು ಅಂದೆ. ಪಕ್ಕದವನು ದಾರಿ ಹೇಳುತ್ತಾ ಹೋದ, ಹದಿಮೂರು ಇಟ್ಟೆ. ಬಟ್ಟೆ ಬಿಚ್ಚಿ ನೋಡಿದಾಗ ನನಗೇ ನಂಬಿಕೆ ಬರಲಿಲ್ಲ. ಎಸ್ಸೆಸ್ಸೆಲ್ಸಿ ಎರಡು ಸಲ ಫೇಲ್ ಆದವನು ನಾನು. ಅಲ್ಲಿವರೆಗೆ ಯಾರೂ ನನಗೆ ನಿನ್ನಿಂದ ಎಷ್ಟಾಗುತ್ತದೆ ಅಂತ ಕೇಳಿರಲಿಲ್ಲ.

ಆಮೇಲೆ ಕೆಲಸ. ಸುಟ್ಟ ಮೋಟರಿನ ಹಳೆಯ ಕಾಯಿಲ್ ಕತ್ತರಿಸಿ ತೆಗೆಯುವಾಗ ಒಂದೊಂದು ಸ್ಲಾಟಿನಲ್ಲಿ ಎಷ್ಟು ಸುತ್ತು ಇದೆ ಅಂತ ಎಣಿಸಿ ಬರೆದುಕೊಳ್ಳಬೇಕು. ತಂತಿಯ ಗೇಜ್ ನೋಡಬೇಕು. ಒಂದೆರಡು ಸುತ್ತು ತಪ್ಪಿದರೂ ಮೋಟರ್ ಬಿಸಿಯಾಗುತ್ತದೆ. ಸ್ಲಾಟಿಗೆ ಇನ್ಸುಲೇಷನ್ ಪೇಪರ್, ಕಾಯಿಲ್, ಮೇಲೆ ಬಿದಿರು ಕಡ್ಡಿ, ಕೊನೆಗೆ ವಾರ್ನಿಶ್. ಆ ನೋಟ್‌ಬುಕ್ ಈಗಲೂ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ.

ಈಗ ಅಕ್ಕ ಕೇಳಿದ ಮಾತಿಗೆ ಬರುತ್ತೇನೆ. ಮೂವತ್ತು ದಿನಕ್ಕೆ ನಾನು ಮೆಕ್ಯಾನಿಕ್ ಆಗಲಿಲ್ಲ. ಅಂಗಡಿ ಹಾಕಲು ಮುದ್ರಾ ಸಾಲಕ್ಕೆ ಹೋದೆ. ಶಿಶು ಸಾಲ, 50,000. ನಮ್ಮೂರಿನ ಒಂದು ಬ್ಯಾಂಕಿನಲ್ಲಿ ಮೂರು ಸಲ ವಾಪಸ್ ಕಳಿಸಿದರು. ಗ್ಯಾರಂಟಿ ಯಾರು, ಆಸ್ತಿ ಪತ್ರ ಎಲ್ಲಿ ಅಂತ. ಗ್ಯಾರಂಟಿ ಇಲ್ಲದೆ ಕೊಡುವ ಸಾಲ ಅದು! ಸಂಸ್ಥೆಯವರು ತರಬೇತಿ ಆದ ಮೇಲೆ ಎರಡು ವರ್ಷ ಹುಡುಗರನ್ನು ವಿಚಾರಿಸಬೇಕು ಅನ್ನುವ ಪದ್ಧತಿ ಇದೆ. ನಮ್ಮ ಸರ್ ಫೋನ್ ಮಾಡಿ ಅಂಗಡಿ ಹಾಕಿದ್ಯಾ ಅಂತ ಕೇಳಿದರು. ಇಲ್ಲ ಸರ್ ಅಂದೆ. ಮುಂದಿನ ವಾರ ಬಸ್ಸಿನಲ್ಲಿ ಬಂದರು. ನನ್ನನ್ನು ಕರೆದುಕೊಂಡು ಮ್ಯಾನೇಜರ್ ಮುಂದೆ ಕೂತರು. ಕೂಗಾಡಲಿಲ್ಲ, ಕಾಗದ ಒಂದೊಂದಾಗಿ ಇಟ್ಟರು. ಹದಿನೈದು ದಿನಕ್ಕೆ ಸಾಲ ಆಯಿತು.

ಆ ಬಸ್ ಬರದಿದ್ದರೆ ನನ್ನ ಸರ್ಟಿಫಿಕೇಟೂ ಫೈಲಿನಲ್ಲೇ ಇರುತ್ತಿತ್ತು.

ಧಾರವಾಡ ಎಕನಾಮಿಕ್ಸ್ ಮೇಷ್ಟ್ರು

ಸಾಗರದವರೇ, ನಿಮ್ಮದನ್ನು ಓದಿ ಖುಷಿಯಾಯಿತು. ನೀವು ಇದ್ದ ಕುರ್ಚಿಗೆ ಪೈಪೋಟಿ ಮಾಡಲಿಲ್ಲ, ಹೊಸದೊಂದು ಮಾಡಿಕೊಂಡಿರಿ. ನನ್ನ ಲೆಕ್ಕದಲ್ಲಿ ಅದು ಬಂದಿರಲಿಲ್ಲ, ಒಪ್ಪುತ್ತೇನೆ. ಆದರೆ ಒಂದು ತಾಲೂಕಿನಲ್ಲಿ ಎಷ್ಟು ರಿವೈಂಡಿಂಗ್ ಅಂಗಡಿ ನಡೆಯುತ್ತವೆ? ಎಲ್ಲರೂ ಅಂಗಡಿ ಹಾಕಲಾಗುವುದಿಲ್ಲ. ಸಂಬಳದ ಕೆಲಸವೂ ಬೇಕು.

ಅಂದ ಹಾಗೆ, ಪೀಣ್ಯದವರು ಹೇಳಿದ ಮೊದಲ ತಿಂಗಳ ಕಷ್ಟ ದೊಡ್ಡ ಯೋಜನೆಗಳಲ್ಲೂ ಇದೆ. 2024ರಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಬಂತು. ದೊಡ್ಡ 500 ಕಂಪನಿಗಳಲ್ಲಿ ಒಂದು ವರ್ಷ, ತಿಂಗಳಿಗೆ 5,000, ಸೇರುವಾಗ ಒಮ್ಮೆ 6,000. ಮೊದಲ ಸುತ್ತಿನಲ್ಲಿ 82 ಸಾವಿರಕ್ಕೂ ಜಾಸ್ತಿ ಆಫರ್ ಹೋದವು. ಒಪ್ಪಿದವರು ಸುಮಾರು 28 ಸಾವಿರ. ನಿಜವಾಗಿ ಸೇರಿದವರು ಒಂಬತ್ತು ಸಾವಿರದ ಒಳಗೆ. ಊರಿಂದ ದೂರ, 5,000ದಲ್ಲಿ ಬದುಕುವುದು ಹೇಗೆ? ಹುಡುಗರು ಸೋಮಾರಿಗಳು ಅಂತ ಬೈಯುವವರು ಒಂದು ತಿಂಗಳು ಆ ದುಡ್ಡಿನಲ್ಲಿ ಹೊರ ಊರಿನಲ್ಲಿ ಇದ್ದು ನೋಡಲಿ.

ಬಯಲುಸೀಮೆ ಹುಡುಗ

ಸಾಗರದ ಅಣ್ಣ, ನಾನು ಮೊದಲು ಏನೂ ಆಗಲಿಲ್ಲ ಅಂತ ಬರೆದಿದ್ದೆ. ನನ್ನ ಮೊಬೈಲ್ ಕೋರ್ಸಿನವರು ಒಂದು ಸಲ ಹೀಗೆ ಬಂದಿದ್ದರೆ ನಾನೂ ಅಂಗಡಿ ಹಾಕುತ್ತಿದ್ದೆ. ಕೆಲಸ ನನಗೆ ಬರುತ್ತಿತ್ತು. ಮನೆಯವರ ಫೋನುಗಳನ್ನು ಈಗಲೂ ನಾನೇ ರಿಪೇರಿ ಮಾಡುತ್ತೇನೆ.

ಸಾಗರ ಮೋಟರ್ ರಿವೈಂಡಿಂಗ್

ತಮ್ಮ, ನಿನ್ನ ಜಿಲ್ಲೆಯ ಆರ್‌ಸೆಟಿಗೆ ಒಮ್ಮೆ ಹೋಗು. ಹಳೆಯ ಸರ್ಟಿಫಿಕೇಟ್ ಇದೆ ಅಂತ ಹೇಳು. ಸಾಲದ ಅರ್ಜಿ ಹೇಗೆ ಅಂತ ಕೇಳು. ಬರೀ ಫೋನ್ ಮಾಡಬೇಡ, ನೇರ ಹೋಗಿ ಕೂರು.

ರಾಣೆಬೆನ್ನೂರಿನ ಅಕ್ಕ

ಹತ್ತು ದಿನ ಆಯಿತು, ಬರೆಯಲಾಗಲಿಲ್ಲ. ನಿಮಗೆಲ್ಲ ಹೇಳಲೇಬೇಕು ಅಂತ ಬಂದೆ.

ಇದನ್ನೆಲ್ಲ ತಮ್ಮನಿಗೆ ಓದಲು ಕೊಟ್ಟೆ. ಪೂರ್ತಿ ಓದಿದ. ಪರಿಚಯದವರು ಹೇಳಿದ ಕೋರ್ಸಿನ ಸೆಂಟರಿಗೆ ಇಬ್ಬರೂ ಹೋದೆವು. ಈ ಸಲ ಫಾರ್ಮ್ ತುಂಬುವ ಮೊದಲು ಕೇಳಿದೆ. ಹೋದ ಬ್ಯಾಚಿನ ಹುಡುಗರಲ್ಲಿ ಇಬ್ಬರ ಹತ್ತಿರ ಮಾತಾಡಿಸಿ, ಎಷ್ಟು ಜನಕ್ಕೆ ಒಂದು ಮೆಷಿನ್ ಅಂತ ತೋರಿಸಿ, ಕೋರ್ಸ್ ಮುಗಿದ ಮೇಲೆ ಯಾರ ನಂಬರಿಗೆ ಫೋನ್ ಮಾಡಬೇಕು ಹೇಳಿ ಅಂತ. ಕೌಂಟರಿನಲ್ಲಿದ್ದ ಹುಡುಗಿ ಪಾಪ, ನೋಡುತ್ತಲೇ ಇದ್ದಳು. ಸರ್ ಬಂದ ಮೇಲೆ ಹೇಳುತ್ತೇವೆ ಅಂದಳು. ನಾವು ಎದ್ದು ಬಂದೆವು.

ಆಮೇಲೆ ಹಾವೇರಿಗೆ, ನಮ್ಮ ಜಿಲ್ಲೆಯ ಆರ್‌ಸೆಟಿಗೆ ಹೋದೆವು. ಅಲ್ಲಿ ಹಿಂದಿನ ಬ್ಯಾಚಿನವರ ಪಟ್ಟಿ ಗೋಡೆಗೇ ಹಾಕಿದ್ದಾರೆ. ಯಾರು ಯಾವ ಊರಲ್ಲಿ ಏನು ಮಾಡುತ್ತಿದ್ದಾರೆ ಅಂತ. ತಮ್ಮ ಅದರಲ್ಲಿ ನಮ್ಮ ತಾಲೂಕಿನ ಒಬ್ಬರ ಹೆಸರು ಹುಡುಕಿ, ಬರುವಾಗ ದಾರಿಯಲ್ಲಿ ಅವರ ಅಂಗಡಿಗೆ ಹೋಗಿ ಮಾತಾಡಿಸಿ ಬಂದ. ಎರಡು ವರ್ಷದಲ್ಲಿ ಅವನು ತಾನಾಗಿ ಹೋಗಿ ಒಬ್ಬರನ್ನು ಮಾತಾಡಿಸಿದ್ದು ಅದೇ ಮೊದಲು.

ರಿವೈಂಡಿಂಗ್ ಬ್ಯಾಚ್ ಮುಂದಿನ ತಿಂಗಳು. ಸೇರುತ್ತೇನೆ ಅಂದಿದ್ದಾನೆ. ಅಂಗಡಿಯೇ ಹಾಕುತ್ತಾನೋ, ಬೇರೆಯವರ ಹತ್ತಿರ ಕೆಲಸಕ್ಕೆ ನಿಲ್ಲುತ್ತಾನೋ, ಅದು ಆಮೇಲಿನ ಮಾತು. ಸಾಗರದ ಅಣ್ಣ, ಒಂದು ಕೇಳಬಹುದಾ? ಬ್ಯಾಚ್ ಶುರುವಾಗುವ ಮೊದಲು ಒಂದು ವಾರ ನಿಮ್ಮ ಅಂಗಡಿಯಲ್ಲಿ ಸುಮ್ನೆ ಕೂತು ನೋಡಬೇಕಂತೆ ಅವನಿಗೆ. ಸಂಬಳ ಏನೂ ಬೇಡ. ಅಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ, ಊಟ, ವಸತಿಗೆ ತೊಂದರೆ ಇಲ್ಲ.

ಸಾಗರ ಮೋಟರ್ ರಿವೈಂಡಿಂಗ್

ಧಾರಾಳವಾಗಿ ಕಳಿಸಿ ಅಕ್ಕ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುತ್ತೇನೆ. ಮೊದಲ ದಿನ ಹಳೆಯ ಕಾಯಿಲಿನ ಸುತ್ತು ಎಣಿಸಲು ಕೊಡುತ್ತೇನೆ, ಒಂದು ನೋಟ್‌ಬುಕ್ ತರಲಿ. ಮತ್ತೆ, ಒಳ್ಳೆಯ ಅಂಗಿ ಹಾಕಿಕೊಂಡು ಬರುವುದು ಬೇಡ ಅಂತ ಹೇಳಿ. ವಾರ್ನಿಶ್ ಕಲೆ ಎಷ್ಟು ತೊಳೆದರೂ ಹೋಗುವುದಿಲ್ಲ.